ಹನ್ನೊಂದನೇ ಪ್ರಶ್ನೆ

ಗೂಡ್ಸ್ ಗಾಡಿ ಓಡಿಸುವವರ ಮನೆಯಲ್ಲಿ
ನಿದ್ದೆ ಅಂದರೆ ರೇಷನ್ನು.
ಇಪ್ಪತ್ತೆರಡು ವರ್ಷ ಅದನ್ನು ಅಳೆದು ಹಾಕಿದವಳು ನಾನು.
ಸೀಟಿ ಕೂಗುವ ಮೊದಲೇ ಕುಕ್ಕರ್ ಇಳಿಸಿ,
ಬಾಗಿಲ ಚಿಲಕಕ್ಕೆ ಹಳೇ ಬನಿಯನ್ನಿನ ಚಿಂದಿ ಸುತ್ತಿ,
ಮಗಳಿಗೆ ಮಗ್ಗಿಯನ್ನೂ ಪಿಸುಮಾತಲ್ಲೇ ಕಲಿಸಿ.
ಆಕೆ ಇವತ್ತಿಗೂ ಏಳರ ಮಗ್ಗಿಯನ್ನು
ಯಾರದೋ ಗುಟ್ಟಿನ ಹಾಗೆ ಹೇಳುತ್ತಾಳೆ.

ರಾತ್ರಿ ಎರಡಕ್ಕೆ ಫೋನು:
ಅದಿರಿನ ರೇಕ್ ರೆಡಿ, ಗಾದಿಲಿಂಗಪ್ಪ.
ಅಷ್ಟರೊಳಗೆ ಆರು ತಾಸು ಮಲಗಿರಬೇಕು. ಅದು ರೂಲು.

ಹಿಂದಿನ ಗೋಡೆಗೆ ಹತ್ತಿಕೊಂಡು ಅರಳೆ ಗೋದಾಮಿತ್ತು.
ಅರಳೆಯಂಥ ನೆರೆ ಇನ್ನೊಂದಿಲ್ಲ, ಕೆಮ್ಮುವುದೂ ಇಲ್ಲ.
ಯುಗಾದಿ ಕಳೆದ ಮೇಲೆ ಅದು ಚಂದ್ರಿಕಾ ಬಾರ್ ಆಯಿತು.
ಗೋಡೆಯ ಆ ಕಡೆ ಸ್ಟೇಜು.
ಈ ಕಡೆ ಇವರ ತಲೆದಿಂಬು.

ಹಾಡು ಗೋಡೆ ದಾಟುವುದಿಲ್ಲ, ನೋಡ್ರಿ.
ರಾಗ, ಮಾತು, ಹಾಡುವ ಹುಡುಗಿಯ ದನಿ
ಎಲ್ಲ ಅಲ್ಲೇ, ದುಡ್ಡು ಕೊಟ್ಟವರಿಗೆ.
ನಮಗೆ ಬರುವುದು ಬರೀ ಗುದ್ದು.
ಸ್ಟ್ಯಾಂಡಿನಲ್ಲಿ ಸ್ಟೀಲ್ ತಟ್ಟೆಗಳು ಹಲ್ಲು ಕಡಿಯುತ್ತವೆ,
ಲೋಟದ ನೀರಿನಲ್ಲಿ ಬಳೆಯೊಳಗೆ ಬಳೆ, ಬಳೆಯೊಳಗೆ ಬಳೆ.
ಕಿಟಕಿ ಮುಚ್ಚು ಅನ್ನುತ್ತಾರೆ ಬೇರೆ ಊರವರು.
ಬಳ್ಳಾರಿಯ ಗುಡ್ಡ ಹಗಲೆಲ್ಲ ಕುಡಿದ ಬಿಸಿಲನ್ನು
ರಾತ್ರಿ ಒಂದರವರೆಗೆ ಕಾರುತ್ತದೆ.
ಅದಕ್ಕೂ ಲೈಸೆನ್ಸ್ ಐತೇನೋ.

ಓಣಿಯವರು ಸೇರಿ ಅರ್ಜಿ ಬರೆದೆವು.
ರಜಿಯಾ ಬೀ ಉರ್ದುವಿನಲ್ಲಿ ಸಹಿ, ಎರ್ರೆಮ್ಮನದು ಹೆಬ್ಬೆಟ್ಟು,
ಮನೆಯಲ್ಲಿ ಬಾಣಂತಿ ಮಗಳಿದ್ದ ತಿಪ್ಪೇರುದ್ರ
ಸಿಟ್ಟಿಗೆ ಎರಡು ಸಲ ಮಾಡಿದ.
ಪೊಲೀಸ್ ಜೀಪು ಬಂತು. ಗುದ್ದು ನಿಂತಿತು.
ಹನ್ನೆರಡು ನಿಮಿಷ. ನಾನು ಎಣಿಸಿದ್ದೇನೆ.
ಜೀಪು ತಿರುಗಿ ಹೋಗುವಾಗ ಓಣಿ ತುಂಬ ಕಬಾಬಿನ ವಾಸನೆ.

ಒಂದು ರಾತ್ರಿ ನಾನೇ ಹೋದೆ,
ಸೆರಗು ಬಿಗಿದು, ಬಾರಿನ ಹಿಂಬಾಗಿಲಿಗೆ.
ಡ್ರಮ್ಸ್ ಬಾರಿಸುವ ಹುಡುಗ
ಖಾಲಿ ಬಾಟಲಿಗಳ ಕ್ರೇಟಿಗೆ ಒರಗಿ
ಎರಡು ಹಾಡುಗಳ ಸಂದಿಯಲ್ಲಿ
ಬಾಯಿ ತೆರೆದು ನಿದ್ದೆ ಹೋಗಿದ್ದ.
ಕೈಯಲ್ಲಿ ಕೋಲು ಹಾಗೇ ಇತ್ತು.
ಬೈಯಲೆಂದು ಒಯ್ದ ಮಾತು ನನ್ನಲ್ಲೇ ಉಳಿಯಿತು.
ಮಲಗಿದವರನ್ನು ಎಬ್ಬಿಸಿ ನನಗೆ ಅಭ್ಯಾಸವಿಲ್ಲ.

ಆಮೇಲೆ ಒಂದು ನಸುಕು, ನಾಲ್ಕೂ ಹತ್ತಕ್ಕೆ,
ಯಾವುದೋ ಸಣ್ಣ ಸ್ಟೇಷನ್ನಿನ ಹೊರಗೆ
ಇವರ ಗಾಡಿ ಕೆಂಪು ದೀಪ ದಾಟಿ ನಿಂತಿತು.
ಹದಿನಾಲ್ಕು ಮೀಟರು. ಯಾರಿಗೂ ಏನೂ ಆಗಲಿಲ್ಲ.
ಐವತ್ತೆಂಟು ಡಬ್ಬಿ ಅದಿರು ಹಿಂದಿನಿಂದ ತಳ್ಳುತ್ತಿತ್ತು
ಅಂದರು, ಶೂ ಬಿಚ್ಚುತ್ತ.
ಮತ್ತೇನೂ ಅನ್ನಲಿಲ್ಲ.

ವಿಚಾರಣೆಯ ಫಾರಮ್ಮಿನಲ್ಲಿ ಹನ್ನೊಂದನೇ ಪ್ರಶ್ನೆ:
ಡ್ಯೂಟಿಗೆ ಮುನ್ನ ಸಾಕಷ್ಟು ವಿಶ್ರಾಂತಿ ಪಡೆದಿದ್ದೀರಾ?
ಇಲ್ಲ ಅಂದರೆ, ಮತ್ಯಾಕೆ ಗಾಡಿ ಹತ್ತಿದೆ ಅನ್ನುತ್ತಾರೆ.
ಗೋಡೆಯ ಬಗ್ಗೆ ಬರೆಯಲು ಜಾಗವಿರಲಿಲ್ಲ.
ಹೌದು, ಅಂತ ಬರೆದರು.
ಸುಳ್ಳು ಬರೆಯುವಾಗಲೂ ಗೆರೆ ಬಿಡಲಿಲ್ಲ ಅವರ ದುಂಡಕ್ಷರ.
ನಾನು ಪಕ್ಕದಲ್ಲಿ ಪೆನ್ನಿನ ಕ್ಯಾಪು ಹಿಡಿದು ಕೂತಿದ್ದೆ.

ಈಗ ಸಸ್ಪೆಂಡು. ಎರಡಕ್ಕೆ ಫೋನಿಲ್ಲ.
ಎಷ್ಟಾದರೂ ಮಲಗಬಹುದು; ಮಲಗುವುದಿಲ್ಲ.

ನಿನ್ನೆ ಮತ ಎಣಿಕೆ, ಬಾರ್ ಬಂದ್.
ಗೋಡೆ ಬರೀ ಗೋಡೆಯಾಗಿತ್ತು.
ಯಾರ್ಡಿನಲ್ಲಿ ಡಬ್ಬಿಗೆ ಡಬ್ಬಿ ಕೂಡಿಕೊಳ್ಳುವ ಸಪ್ಪಳ
ಎಷ್ಟೋ ತಿಂಗಳ ಮೇಲೆ ಮನೆಗೆ ಬಂತು.
ಇವರು ಎದ್ದು ಕೂತು, ಅಂಗೈಯನ್ನು ಗೋಡೆಗಿಟ್ಟು,
ಜ್ವರ ನೋಡುವವರ ಹಾಗೆ ಬಹಳ ಹೊತ್ತು ಇಟ್ಟು,
ಇವತ್ತು ಏನಾಗೇತಿ ಇದಕ್ಕ, ಅಂದರು.

ಕೂಗಿ ಹೇಳಿದ್ದರೂ ನಡೆಯುತ್ತಿತ್ತು, ಎಬ್ಬಿಸಲು ಯಾರಿದ್ದರು?
ಆದರೂ ದನಿ ತಾನಾಗಿ ಸಣ್ಣದಾಯಿತು:
ಮಲಗ್ರಿ.